ಸಾಸಿವೆ ಗಾತ್ರದ ದೀಪ, ಕ್ಷಯಾಣು ಪತ್ತೆಗೆ ಹೊಸ ಬೆಳಕು

ಕಫದ ತೆಳು ಲೇಪನವಿರುವ ಗಾಜಿನ ಸ್ಲೈಡ್ ಒಂದು ಸೂಕ್ಷ್ಮದರ್ಶಕದ ಕೆಳಗೆ ಬರುತ್ತದೆ. ಪ್ರಯೋಗಾಲಯದ ತಂತ್ರಜ್ಞರು ಕೆಲವೇ ನಿಮಿಷಗಳಲ್ಲಿ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾ ಇದೆಯೇ, ಇಲ್ಲವೇ? ಇದ್ದದ್ದು ಕಾಣದೆ ಹೋದರೆ ರೋಗಿ ಔಷಧವಿಲ್ಲದೆ ಮನೆಗೆ ಮರಳುತ್ತಾನೆ. ಕೆಮ್ಮು ಮುಂದುವರಿಯುತ್ತದೆ, ಜೊತೆಯಲ್ಲಿ ವಾಸಿಸುವವರಿಗೂ ಸೋಂಕು ತಗಲುವ ಅಪಾಯ ಉಳಿಯುತ್ತದೆ. ಈ ತೀರ್ಮಾನದಲ್ಲಿ ತಂತ್ರಜ್ಞರ ಕಣ್ಣು, ಬಣ್ಣ ಹಚ್ಚುವ ಕ್ರಮ, ಮಸೂರದ ಗುಣಮಟ್ಟ ಇವೆಲ್ಲಕ್ಕೂ ಪಾತ್ರವಿದೆ. ಇವುಗಳ ಜೊತೆಗೆ ಸಾಮಾನ್ಯವಾಗಿ ಯಾರೂ ಚರ್ಚಿಸದ ಇನ್ನೊಂದು ಅಂಶವೂ ಇದೆ. ಅದು ಸೂಕ್ಷ್ಮದರ್ಶಕದೊಳಗಿನ ದೀಪ.

ಮನೆಯ ಹಜಾರಕ್ಕೆ, ಬೀದಿಗೆ, ವಾಹನಕ್ಕೆ ಎಲ್‌ಇಡಿ ಬಂದ ಕಥೆ ಎಲ್ಲರಿಗೂ ತಿಳಿದಿದೆ. ಅಲ್ಲಿ ಲೆಕ್ಕ ಸರಳ: ಕಡಿಮೆ ವಿದ್ಯುತ್ತಿಗೆ ಹೆಚ್ಚು ಬೆಳಕು. ಸೂಕ್ಷ್ಮದರ್ಶಕ, ಪ್ರೊಜೆಕ್ಟರ್, ಎಂಡೋಸ್ಕೋಪ್ ಮುಂತಾದ ದೃಗ್ ಉಪಕರಣಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬುದಕ್ಕಿಂತ, ಆ ಬೆಳಕು ಎಷ್ಟು ಚಿಕ್ಕ ಜಾಗದಿಂದ, ಎಷ್ಟು ಕಿರಿದಾದ ಕೋನದಲ್ಲಿ ಹೊರಡುತ್ತದೆ ಎಂಬುದು ಮುಖ್ಯವಾಗುತ್ತದೆ. ಎಲ್‌ಇಡಿ ಬೆಳಕಿನ ಮೂಲವನ್ನು ವಿನ್ಯಾಸಗೊಳಿಸುವ ಎಂಜಿನಿಯರುಗಳ ಬಹುಪಾಲು ಶ್ರಮ ಈ ಒಂದು ಮಿತಿಯೊಡನೆ ನಡೆಸುವ ಸೆಣಸಾಟವೇ ಆಗಿದೆ. ಕ್ಷಯ ಪತ್ತೆಯ ಸೂಕ್ಷ್ಮದರ್ಶಕ ಅದಕ್ಕೊಂದು ಉತ್ತಮ ನಿದರ್ಶನ.

ಹೊಳೆಯುವ ಬ್ಯಾಕ್ಟೀರಿಯಾ

ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿರುವುದಾಗಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದೇ ದಶಕದಲ್ಲಿ ರೂಪುಗೊಂಡ ಝೀಲ್-ನೀಲ್ಸನ್ ಬಣ್ಣದ ವಿಧಾನ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನಾದ್ಯಂತ ಕಫ ಪರೀಕ್ಷೆಯ ಆಧಾರವಾಗಿತ್ತು. ಈ ವಿಧಾನದಲ್ಲಿ ಬ್ಯಾಕ್ಟೀರಿಯಾ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂತೆ ಕಾಣುತ್ತದೆ. ಅದರ ಉದ್ದ ಕೆಲವೇ ಮೈಕ್ರೋಮೀಟರ್. ಹೀಗಾಗಿ 1,000 ಪಟ್ಟು ಹಿಗ್ಗಿಸಿ, ಮಸೂರಕ್ಕೂ ಸ್ಲೈಡಿಗೂ ನಡುವೆ ಎಣ್ಣೆ ಹಾಕಿ ನೋಡಬೇಕು. ‘ಇಲ್ಲ’ ಎಂದು ವರದಿ ಬರೆಯುವ ಮುನ್ನ ಕನಿಷ್ಠ 100 ದೃಷ್ಟಿಕ್ಷೇತ್ರಗಳನ್ನು ಪರಿಶೀಲಿಸಬೇಕೆಂಬುದು ನಿಯಮ. ದಿನಕ್ಕೆ ಹತ್ತಾರು ಸ್ಲೈಡ್ ನೋಡುವ ಕೇಂದ್ರದಲ್ಲಿ ಈ ನಿಯಮ ಪ್ರತಿ ಬಾರಿಯೂ ಪಾಲನೆಯಾಗುವುದು ಕಷ್ಟ ಎಂಬುದನ್ನು ಊಹಿಸಲು ತಜ್ಞರೇ ಆಗಬೇಕಿಲ್ಲ.

ಇದಕ್ಕೆ ಪರ್ಯಾಯವಾಗಿ ಬಂದದ್ದು ಪ್ರತಿದೀಪ್ತಿ ಸೂಕ್ಷ್ಮದರ್ಶಕ. ಕೆಲವು ರಾಸಾಯನಿಕಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಆರಮೈನ್ ಎಂಬ ಬಣ್ಣದ ದ್ರವ್ಯ ಕ್ಷಯಾಣುವಿನ ಮೇಣದಂಥ ಹೊರಪದರಕ್ಕೆ ಅಂಟಿಕೊಳ್ಳುತ್ತದೆ. ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಅದರ ಮೇಲೆ ನೀಲಿ ಬೆಳಕು ಬಿದ್ದಾಗ ಹಳದಿ ಮಿಶ್ರಿತ ಹಸಿರು ಬೆಳಕು ಹೊರಡುತ್ತದೆ. ಅಮಾವಾಸ್ಯೆಯ ರಾತ್ರಿ ಬೇಲಿಯ ಮೇಲೆ ಕೂತ ಮಿಂಚುಹುಳುಗಳಂತೆ ಬ್ಯಾಕ್ಟೀರಿಯಾಗಳು ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ. ಆದ್ದರಿಂದ 200 ಅಥವಾ 400 ಪಟ್ಟು ಹಿಗ್ಗಿಸಿದರೆ ಸಾಕಾಗುತ್ತದೆ. ಸಾಮಾನ್ಯ ನೇತ್ರಕವಿದ್ದಲ್ಲಿ 1,000 ಪಟ್ಟಿಗೆ ಹಿಗ್ಗಿಸಿದಾಗ ಒಮ್ಮೆಗೆ ಕಾಣುವ ವೃತ್ತದ ವ್ಯಾಸ ಸುಮಾರು 0.2 ಮಿಲಿಮೀಟರ್, 200 ಪಟ್ಟಿಗಾದರೆ ಸುಮಾರು 1 ಮಿಲಿಮೀಟರ್. ವಿಸ್ತೀರ್ಣದಲ್ಲಿ ಇದು 25 ಪಟ್ಟು. ಅಷ್ಟರ ಮಟ್ಟಿಗೆ ತಂತ್ರಜ್ಞರ ಸಮಯ ಉಳಿಯುತ್ತದೆ, ಹೆಚ್ಚು ಜಾಗ ನೋಡುವುದರಿಂದ ರೋಗ ತಪ್ಪಿಹೋಗುವ ಸಂಭವವೂ ತಗ್ಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪ್ರತಿದೀಪ್ತಿ ವಿಧಾನ ಹಳೆಯ ವಿಧಾನಕ್ಕಿಂತ ಸರಾಸರಿ ಶೇ. 10ರಷ್ಟು ಹೆಚ್ಚು ಸೂಕ್ಷ್ಮವಾಗಿದೆ.

ಪಾದರಸ ದೀಪದ ಕಾಟ

ಇಷ್ಟು ಅನುಕೂಲವಿದ್ದರೂ ದಶಕಗಳ ಕಾಲ ಈ ವಿಧಾನ ದೊಡ್ಡ ಆಸ್ಪತ್ರೆಗಳ, ಪರಾಮರ್ಶನ ಪ್ರಯೋಗಾಲಯಗಳ ಹೊರಗೆ ಹೆಚ್ಚು ಹರಡಲಿಲ್ಲ. ಅದಕ್ಕೆ ಕಾರಣ ದೀಪ. ಪ್ರತಿದೀಪ್ತಿಯ ಬೆಳಕು ಅತಿ ಕ್ಷೀಣವಾದುದರಿಂದ ಅದನ್ನು ಹೊಮ್ಮಿಸಲು ಬಲು ಪ್ರಖರವಾದ ಬೆಳಕು ಬೇಕು. ಅದನ್ನು ಪಾದರಸದ ಆರ್ಕ್ ದೀಪ ಒದಗಿಸುತ್ತಿತ್ತು. 100 ವಾಟ್‌ನ ಈ ದೀಪದಲ್ಲಿ ಎರಡು ವಿದ್ಯುದ್ವಾರಗಳ ನಡುವಿನ ಅಂತರ ಸುಮಾರು ಕಾಲು ಮಿಲಿಮೀಟರ್. ಅಷ್ಟೇ ಜಾಗದಲ್ಲಿ ಕಣ್ಣು ಕೋರೈಸುವ ಬೆಳಕು ಹುಟ್ಟುತ್ತದೆ. ದೃಗ್ ವಿನ್ಯಾಸಕಾರರ ದೃಷ್ಟಿಯಿಂದ ಇದಕ್ಕಿಂತ ಉತ್ತಮ ಬೆಳಕಿನ ಮೂಲ ಸಿಗುವುದು ದುರ್ಲಭ.

ಬಳಸುವವರಿಗೆ ಮಾತ್ರ ಇದು ತಲೆನೋವು. ದೀಪದ ಆಯುಷ್ಯ 200ರಿಂದ 300 ಗಂಟೆ. ಹೊತ್ತಿಸಿದ ಮೇಲೆ ಬೆಳಕು ಸ್ಥಿರವಾಗಲು ಹತ್ತು-ಹದಿನೈದು ನಿಮಿಷ ಕಾಯಬೇಕು. ಆರಿಸಿದ ಮೇಲೆ ತಣ್ಣಗಾಗುವವರೆಗೆ ಮತ್ತೆ ಹೊತ್ತಿಸುವಂತಿಲ್ಲ. ವಿದ್ಯುತ್ ಹೋಗಿ ಬರುವ ಊರಿನಲ್ಲಿ ಈ ಒಂದು ಗುಣವೇ ಅದನ್ನು ಮೂಲೆಗೆ ತಳ್ಳಲು ಸಾಕು. ಉರಿಯುವಾಗ ಗಾಜಿನೊಳಗೆ ಭಾರಿ ಒತ್ತಡವಿರುತ್ತದೆ. ಅವಧಿ ಮೀರಿ ಬಳಸಿದರೆ ಸಿಡಿಯುವ ಅಪಾಯವಿದೆ, ಸಿಡಿದರೆ ಕೋಣೆಯ ತುಂಬ ಪಾದರಸದ ಆವಿ. ಹೊಸ ದೀಪ ಹಾಕಿದಾಗಲೆಲ್ಲ ಆರ್ಕ್ ಅನ್ನು ಮಸೂರಗಳ ಅಕ್ಷಕ್ಕೆ ಸರಿಹೊಂದಿಸಬೇಕು. ದೀಪ ಹಾಳಾಗಿ, ಹೊಸದಕ್ಕೆ ಹಣ ಮಂಜೂರಾಗದೆ ಹೊದಿಕೆಯಡಿ ಉಳಿಯುವ ಸೂಕ್ಷ್ಮದರ್ಶಕದಿಂದ ಯಾರಿಗೂ ಪ್ರಯೋಜನವಿಲ್ಲ.

ಪಾದರಸ ದೀಪಕ್ಕೆ ಇನ್ನೊಂದು ಕೊರತೆಯೂ ಇದೆ. ಅದರ ಬೆಳಕು ಎಲ್ಲ ಬಣ್ಣಗಳಲ್ಲೂ ಸಮನಾಗಿ ಹರಡಿರುವುದಿಲ್ಲ. 365, 405, 436, 546, 579 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಶಿಖರಗಳಿವೆ, ನಡುವೆ ಕಣಿವೆಗಳು. ಆರಮೈನ್‌ಗೆ 436ರ ಶಿಖರ ಸ್ವಲ್ಪಮಟ್ಟಿಗೆ ಒದಗಿಬರುತ್ತದೆಯಾದರೂ 450ರಿಂದ 490ರವರೆಗಿನ ನೀಲಿ ಪಟ್ಟಿಯಲ್ಲಿ ಈ ದೀಪ ದುರ್ಬಲ. ಎಲ್‌ಇಡಿ ಪ್ರವೇಶಿಸಿದ್ದು ಸರಿಯಾಗಿ ಈ ಕಣಿವೆಯಲ್ಲೇ.

ನೀಲಿ ಎಲ್‌ಇಡಿಯ ಆಗಮನ

ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ತೋರಿಸಿಕೊಟ್ಟಿದ್ದರು. ನೀಲಿ ಬೆಳಕಿಗೆ ಮಾತ್ರ ಇನ್ನೂ ಮೂರು ದಶಕ ಕಾಯಬೇಕಾಯಿತು. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದ ದೋಷರಹಿತ ಹರಳು ಬೆಳೆಸುವುದು ಹಾಗೂ ಅದಕ್ಕೆ ಬೇಕಾದ ವಿದ್ಯುತ್ ಗುಣ ಕೊಡುವುದು ಅಷ್ಟು ಕಠಿಣವಾಗಿತ್ತು. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರಾ ಅವರ ಸಂಶೋಧನೆಯ ಫಲವಾಗಿ 1990ರ ದಶಕದ ಆರಂಭದಲ್ಲಿ ಪ್ರಖರ ನೀಲಿ ಎಲ್‌ಇಡಿ ಸಾಧ್ಯವಾಯಿತು. ಮೂವರಿಗೂ 2014ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಸಂದಿತು. ಜಗತ್ತಿನ ಮನೆಗಳಿಗೆ ಬಿಳಿ ಬೆಳಕು ತಂದದ್ದು ಈ ಆವಿಷ್ಕಾರದ ಪ್ರಸಿದ್ಧ ಫಲ. 455 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಆರಮೈನ್‌ಗೆ ಹೇಳಿ ಮಾಡಿಸಿದಂತಿದ್ದುದು ಅಷ್ಟೇನೂ ಪ್ರಚಾರ ಪಡೆಯದ ಇನ್ನೊಂದು ಫಲ.

ಬಾಗಿಲು ಕಿರಿದು, ಜನ ಬಹಳ

ಹಾಗಾದರೆ ಪಾದರಸ ದೀಪ ತೆಗೆದು ಆ ಜಾಗದಲ್ಲಿ ದೊಡ್ಡದೊಂದು ಎಲ್‌ಇಡಿ ಇಟ್ಟರೆ ಕೆಲಸ ಮುಗಿಯಿತಲ್ಲವೇ? ಮೊದಮೊದಲು ಹಲವರಿಗೆ ಹಾಗೆಯೇ ಅನ್ನಿಸುತ್ತದೆ. ಆದರೆ ನಿಸರ್ಗದ ನಿಯಮವೊಂದು ಅಡ್ಡ ಬರುತ್ತದೆ.

ಬೆಳಕು ಹೊರಡುವ ಜಾಗದ ವಿಸ್ತೀರ್ಣ ಹಾಗೂ ಅದು ಹರಡಿಕೊಳ್ಳುವ ಕೋನ, ಇವೆರಡರ ಗುಣಲಬ್ಧಕ್ಕೆ ದೃಗ್ವಿಜ್ಞಾನದಲ್ಲಿ ಎಟಾಂಡ್ಯೂ ಎಂಬ ಫ್ರೆಂಚ್ ಹೆಸರಿದೆ. ಬೆಳಕಿನ ‘ಹರವು’ ಎಂದು ಕನ್ನಡದಲ್ಲಿ ಅದನ್ನು ಕರೆಯಬಹುದು. ಎಂಥ ಉತ್ತಮ ಮಸೂರ, ಕನ್ನಡಿ ಬಳಸಿದರೂ ಬೆಳಕನ್ನು ಕಳೆದುಕೊಳ್ಳದೆ ಈ ಹರವನ್ನು ಕುಗ್ಗಿಸಲಾಗದು. ಬೆಳಕನ್ನು ಚಿಕ್ಕ ಚುಕ್ಕೆಯಾಗಿ ಕೇಂದ್ರೀಕರಿಸಿದರೆ ಕೋನ ಅಗಲವಾಗುತ್ತದೆ. ಕೋನವನ್ನು ಕಿರಿದು ಮಾಡಿದರೆ ಚುಕ್ಕೆ ದೊಡ್ಡದಾಗುತ್ತದೆ. ಮಸೂರಗಳಿಂದ ಬೆಳಕಿನ ಪ್ರಖರತೆಯನ್ನು ಮೂಲದಲ್ಲಿ ಇದ್ದುದಕ್ಕಿಂತ ಹೆಚ್ಚಿಸಲು ಸಾಧ್ಯವಿಲ್ಲ ಎಂಬುದು ಇದರ ತಾತ್ಪರ್ಯ.

ಸೂಕ್ಷ್ಮದರ್ಶಕ ಸ್ವೀಕರಿಸಬಲ್ಲ ಹರವು ತೀರಾ ಚಿಕ್ಕದು. 200 ಪಟ್ಟು ಹಿಗ್ಗಿಸುವಾಗ ಬಳಸುವ 20 ಪಟ್ಟಿನ ಆಬ್ಜೆಕ್ಟಿವ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ನೋಡುವ ವೃತ್ತದ ವ್ಯಾಸ 1 ಮಿಲಿಮೀಟರ್. ವಿಸ್ತೀರ್ಣ ಸುಮಾರು 0.785 ಚದರ ಮಿಲಿಮೀಟರ್. ಬೆಳಕನ್ನು ಎಷ್ಟು ಅಗಲದ ಕೋನದಲ್ಲಿ ಸ್ವೀಕರಿಸಬಲ್ಲದು ಎಂಬುದರ ಅಳತೆಯಾದ ನ್ಯೂಮರಿಕಲ್ ಅಪರ್ಚರ್ ಸಾಮಾನ್ಯವಾಗಿ 0.4. ಅದರ ವರ್ಗ 0.16. ಎರಡನ್ನೂ ಗುಣಿಸಿದರೆ ಸುಮಾರು 0.126. ಇತ್ತ 1 ಚದರ ಮಿಲಿಮೀಟರ್ ಎಲ್‌ಇಡಿ ಚಿಪ್ ತನ್ನ ಮುಂದಿನ ಅರ್ಧಗೋಳದ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಅದೇ ಲೆಕ್ಕದಲ್ಲಿ ಅದರ ಮೌಲ್ಯ 1. ಅಂದರೆ ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಆ ಚಿಪ್ಪಿನ ಬೆಳಕಿನಲ್ಲೂ ಹೆಚ್ಚೆಂದರೆ ಎಂಟನೇ ಒಂದು ಭಾಗ ಮಾತ್ರ ಸ್ಲೈಡನ್ನು ತಲುಪಬಲ್ಲದು. ಉಳಿದದ್ದು ಎಂಥ ಮಸೂರ ಹಾಕಿದರೂ ವ್ಯರ್ಥ. 0.65 ಅಪರ್ಚರ್‌ನ 40 ಪಟ್ಟಿನ ಆಬ್ಜೆಕ್ಟಿವ್‌ಗೆ ಬಂದರೆ ಈ ಪಾಲು ಹನ್ನೆರಡನೇ ಒಂದಕ್ಕೆ ಇಳಿಯುತ್ತದೆ.

ಈಗ ನಾಲ್ಕು ಪಟ್ಟು ದೊಡ್ಡ ಚಿಪ್ ಇಟ್ಟರೇನಾಗುತ್ತದೆ? ಪ್ರತಿ ಚದರ ಮಿಲಿಮೀಟರಿಗೆ ಅಷ್ಟೇ ವಿದ್ಯುತ್ ಹರಿಸಿದರೆ ಒಟ್ಟು ಬೆಳಕು ನಾಲ್ಕು ಪಟ್ಟಾಗುತ್ತದೆ. ಹರವೂ ನಾಲ್ಕು ಪಟ್ಟಾಗುತ್ತದೆ. ಸೂಕ್ಷ್ಮದರ್ಶಕ ಸ್ವೀಕರಿಸುವ ಪಾಲು ಮೂವತ್ತೆರಡನೇ ಒಂದಕ್ಕೆ ಕುಸಿಯುತ್ತದೆ. ಸ್ಲೈಡಿನ ಮೇಲೆ ಬೀಳುವ ಬೆಳಕಿನಲ್ಲಿ ಕಿಂಚಿತ್ತೂ ಏರಿಕೆ ಇಲ್ಲ. ಶಾಖ ಮಾತ್ರ ನಾಲ್ಕು ಪಟ್ಟು. ಗರ್ಭಗುಡಿಯ ಕಿರುಬಾಗಿಲಿನ ಮುಂದೆ ಜಾತ್ರೆಯ ಜನ ಎಷ್ಟೇ ನೆರೆದರೂ ನಿಮಿಷಕ್ಕೆ ಒಳಹೋಗುವವರ ಸಂಖ್ಯೆ ಅಷ್ಟೇ ಇರುತ್ತದೆ. ದೃಗ್ ಉಪಕರಣದ ಎಲ್‌ಇಡಿಗೆ ‘ಎಷ್ಟು ವಾಟ್’ ಎಂದು ಕೇಳುವುದು ಈ ಕಾರಣಕ್ಕಾಗಿಯೇ ಅಪೂರ್ಣ ಪ್ರಶ್ನೆ. ಮಾರಾಟದ ಕರಪತ್ರಗಳಲ್ಲಿ ಮಾತ್ರ ಅದೇ ಅಂಕಿ ದಪ್ಪಕ್ಷರದಲ್ಲಿ ಮೆರೆಯುತ್ತಿರುತ್ತದೆ.

ಆದ್ದರಿಂದ ವಿನ್ಯಾಸಕಾರರ ಗಮನ ಚಿಪ್ಪಿನ ಮೇಲ್ಮೈಯ ಪ್ರತಿ ಚುಕ್ಕೆಯಿಂದ ಸಾಧ್ಯವಾದಷ್ಟು ಹೆಚ್ಚು ಬೆಳಕು ಹೊರಡಿಸುವತ್ತ ತಿರುಗುತ್ತದೆ. ಅಲ್ಲಿಯೂ ಒಂದು ತೊಡಕು. ಗ್ಯಾಲಿಯಂ ನೈಟ್ರೈಡ್‌ನ ವಕ್ರೀಭವನಾಂಕ ಸುಮಾರು 2.4. ಅದರೊಳಗೆ ಹುಟ್ಟಿದ ಬೆಳಕು ಲಂಬದಿಂದ ಸುಮಾರು 25 ಡಿಗ್ರಿಗಿಂತ ಹೆಚ್ಚು ವಾಲಿ ಮೇಲ್ಮೈಗೆ ಬಡಿದರೆ ಹೊರಬರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ನಯವಾದ ಮೇಲ್ಮೈಯಿಂದ ನೇರವಾಗಿ ಹೊರಗೆ ಬರುವುದು ನೂರರಲ್ಲಿ ನಾಲ್ಕೈದು ಪಾಲು ಮಾತ್ರ. ಮೇಲ್ಮೈಯನ್ನು ಬೇಕೆಂದೇ ಒರಟು ಮಾಡುವುದು, ತಳದಲ್ಲಿ ಬೆಳ್ಳಿಯಂಥ ಪ್ರತಿಫಲಕ ಪದರ ಇಡುವುದು, ಹೀಗೆ ನಾನಾ ಉಪಾಯಗಳಿಂದ ಈಗಿನ ಚಿಪ್ಪುಗಳಲ್ಲಿ ಈ ನಷ್ಟವನ್ನು ಬಹುಮಟ್ಟಿಗೆ ನಿವಾರಿಸಲಾಗಿದೆ.

ಮನೆಬಳಕೆಯ ಎಲ್‌ಇಡಿಗಳ ಮೇಲೆ ಸಿಲಿಕೋನ್‌ನ ಪುಟ್ಟ ಗುಮ್ಮಟ ಇರುವುದೂ ಬೆಳಕನ್ನು ಸುಲಭವಾಗಿ ಹೊರತರಲೆಂದೇ. ಆದರೆ ಗುಮ್ಮಟದ ಮೂಲಕ ನೋಡಿದಾಗ ಚಿಪ್ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ವಿಸ್ತೀರ್ಣದಲ್ಲಿ ಎರಡು ಪಟ್ಟಿಗೂ ಮಿಕ್ಕಿ. ಬೀದಿದೀಪಕ್ಕೆ ಇದರಿಂದ ಬಾಧಕವಿಲ್ಲ. ಸೂಕ್ಷ್ಮದರ್ಶಕಕ್ಕೆ, ಪ್ರೊಜೆಕ್ಟರಿಗೆ ಮಾತ್ರ ಇದು ಹರವನ್ನು ಹಿಗ್ಗಿಸುವ ಅಡ್ಡಿ. ಹೀಗಾಗಿ ಇಂಥ ಉಪಕರಣಗಳಿಗೆ ಗುಮ್ಮಟವಿಲ್ಲದ, ಚಪ್ಪಟೆ ಗಾಜಿನ ಕಿಟಕಿಯ ಎಲ್‌ಇಡಿಗಳನ್ನು ಆಯ್ದುಕೊಳ್ಳುವುದುಂಟು. ಒಟ್ಟು ಬೆಳಕು ಕಡಿಮೆಯಿರುವ ದೀಪವೇ ಇಲ್ಲಿ ಉತ್ತಮ ದೀಪ ಎನಿಸಿಕೊಳ್ಳುತ್ತದೆ.

ಸಮನಾದ ಬೆಳಕು, ಶುದ್ಧವಾದ ಕತ್ತಲು

ಚಿಪ್ಪಿನ ಮೇಲೆ ವಿದ್ಯುತ್ ಹರಿಯುವ ಸೂಕ್ಷ್ಮ ಲೋಹದ ಗೆರೆಗಳಿರುತ್ತವೆ. ಚಿಪ್ಪಿನ ಬಿಂಬವನ್ನು ನೇರವಾಗಿ ಸ್ಲೈಡಿನ ಮೇಲೆ ಮೂಡಿಸಿದರೆ ಆ ಗೆರೆಗಳೂ ಮೂಡುತ್ತವೆ. ಗೆರೆಯ ನೆರಳು ಬಿದ್ದಲ್ಲಿ ಬ್ಯಾಕ್ಟೀರಿಯಾ ಮಂಕಾಗುತ್ತದೆ. ಇದಕ್ಕೆ ಪರಿಹಾರ ಹೊಸದೇನಲ್ಲ. ಜರ್ಮನಿಯ ಅಗಸ್ಟ್ ಕೋಲರ್ 1893ರಲ್ಲೇ ಪ್ರಕಟಿಸಿದ ವಿಧಾನದಲ್ಲಿ ದೀಪದ ಬಿಂಬವನ್ನು ಆಬ್ಜೆಕ್ಟಿವ್‌ನ ಹಿಂಬದಿಯ ನಾಭಿತಲದಲ್ಲಿ ಮೂಡಿಸಲಾಗುತ್ತದೆ. ಆಗ ಚಿಪ್ಪಿನ ಪ್ರತಿ ಚುಕ್ಕೆಯ ಬೆಳಕೂ ಇಡೀ ದೃಷ್ಟಿಕ್ಷೇತ್ರದ ಮೇಲೆ ಹರಡಿ, ಗೆರೆಗಳು ಅಳಿಸಿಹೋಗುತ್ತವೆ. ಅನಿಲದೀಪದ ಕಾಲದ ಈ ಉಪಾಯ ಎಲ್‌ಇಡಿಗೂ ಯಥಾವತ್ತಾಗಿ ಹೊಂದಿಕೊಂಡಿದೆ. ಇದನ್ನು ಕಡೆಗಣಿಸಿ, ದೀಪವನ್ನು ಹೇಗೋ ತುರುಕಿದ ಅಗ್ಗದ ಜೋಡಣೆಗಳಲ್ಲಿ ನಡು ಮಾತ್ರ ಬೆಳಗಿ ಅಂಚು ಮಸುಕಾಗಿರುತ್ತದೆ. ಅಂಚಿನಲ್ಲಿರುವ ಬ್ಯಾಕ್ಟೀರಿಯಾ ಎಣಿಕೆಗೆ ಸಿಗದೆ ಹೋಗಬಹುದು.

ಬೆಳಗುವಷ್ಟೇ ಮುಖ್ಯವಾದುದು ಕತ್ತಲನ್ನು ಕಾಯುವುದು. ಸ್ಲೈಡಿಗೆ ಹೋಗುವ ನೀಲಿ ಬೆಳಕಿನೆದುರು ಅಲ್ಲಿಂದ ಮರಳುವ ಹಸಿರು ಬೆಳಕು ಲಕ್ಷದಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ ಇರಬಹುದು. ಎಲ್‌ಇಡಿಯ ಬೆಳಕು ಒಂದೇ ತರಂಗಾಂತರದ್ದಲ್ಲ. 20ರಿಂದ 30 ನ್ಯಾನೋಮೀಟರ್ ಅಗಲವಿದ್ದು, ಅದರಾಚೆಗೂ ತೆಳುವಾದ ಬಾಲ ಚಾಚಿಕೊಂಡಿರುತ್ತದೆ. ನೀಲಿ ಎಲ್‌ಇಡಿಯ ಬಾಲ ಹಸಿರಿನವರೆಗೂ ಬರುತ್ತದೆ. ಕಣ್ಣಿಗೆ ಲೆಕ್ಕಕ್ಕೇ ಬಾರದ ಆ ಬಾಲವೂ ಬ್ಯಾಕ್ಟೀರಿಯಾದ ಕ್ಷೀಣ ಹೊಳಪನ್ನು ಮುಳುಗಿಸಬಲ್ಲದು. ಆದ್ದರಿಂದ ದೀಪದ ಮುಂದೆ ನೀಲಿಯನ್ನು ಮಾತ್ರ ಬಿಡುವ ಒಂದು ಫಿಲ್ಟರ್, ನೀಲಿಯನ್ನು ಸ್ಲೈಡಿನತ್ತ ತಿರುಗಿಸಿ ಹಸಿರನ್ನು ಮೇಲಕ್ಕೆ ಹಾಯಿಸುವ ವಿಶೇಷ ಕನ್ನಡಿ, ಕಣ್ಣಿನ ಬಳಿ ನೀಲಿಯನ್ನು ತಡೆಯುವ ಇನ್ನೊಂದು ಫಿಲ್ಟರ್, ಹೀಗೆ ಮೂರು ಕಾವಲು. ಎಲ್‌ಇಡಿ ಹೇಗೂ ಒಂದೇ ಬಣ್ಣದ್ದಲ್ಲವೇ ಎಂದು ಮೊದಲ ಫಿಲ್ಟರನ್ನು ಕೈಬಿಟ್ಟರೆ ಹಿನ್ನೆಲೆಯ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಶಾಖವೆಂಬ ಶತ್ರು

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಜನಜನಿತ. ಬೆಳಕಿನ ಜೊತೆಗೆ ಶಾಖದ ಕಿರಣ ಬರುವುದಿಲ್ಲ ಎಂಬ ಮಟ್ಟಿಗೆ ಮಾತ್ರ ಅದು ಸರಿ. ಬೆಳಕಾಗದೆ ಉಳಿದ ವಿದ್ಯುತ್ತೆಲ್ಲ ಚಿಪ್ಪಿನಲ್ಲೇ ಶಾಖವಾಗಿ ನಿಲ್ಲುತ್ತದೆ. ಉದಾಹರಣೆಗೆ 5 ವಾಟ್ ವಿದ್ಯುತ್ ಪಡೆದು 2 ವಾಟ್ ಬೆಳಕು ಕೊಡುವ ಚಿಪ್ಪಿನಲ್ಲಿ 3 ವಾಟ್ ಶಾಖ ಹುಟ್ಟುತ್ತದೆ. ಚಿಪ್ಪಿನಿಂದ ಕೋಣೆಯ ಗಾಳಿಯವರೆಗೆ ಪ್ರತಿ ವಾಟಿಗೆ 15 ಡಿಗ್ರಿಯಷ್ಟು ಅಡೆತಡೆ ಇದ್ದರೆ ಚಿಪ್ ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಯುರೋಪಿನ ತಂಪು ಪ್ರಯೋಗಾಲಯದಲ್ಲಿ ಅದು 65 ಡಿಗ್ರಿ. ಮೇ ತಿಂಗಳ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಕೋಣೆಯ ತಾಪವೇ 40 ಡಿಗ್ರಿ ಇದ್ದರೆ ಚಿಪ್ 85 ಡಿಗ್ರಿ ಮುಟ್ಟುತ್ತದೆ. ತಾಪ ಏರಿದಂತೆ ಬೆಳಕು ಇಳಿಯುತ್ತದೆ, ಬಣ್ಣ ತುಸು ದೀರ್ಘ ತರಂಗಾಂತರದತ್ತ ಸರಿಯುತ್ತದೆ, ಆಯುಷ್ಯ ಕುಂದುತ್ತದೆ. ತಾಮ್ರದ ತಳವಿರುವ ಫಲಕ, ರೆಕ್ಕೆಗಳಿರುವ ಅಲ್ಯುಮಿನಿಯಂ ದಿಮ್ಮಿ, ನಡುವೆ ಶಾಖ ಸಾಗಿಸುವ ಲೇಪ, ಇವೆಲ್ಲ ಅಲಂಕಾರಕ್ಕಲ್ಲ.

ವಿದ್ಯುತ್ ಹೆಚ್ಚಿಸಿ ಪ್ರಖರತೆ ಪಡೆಯುವುದಕ್ಕೂ ಮಿತಿಯಿದೆ. ನೀಲಿ ಎಲ್‌ಇಡಿಯಲ್ಲಿ ವಿದ್ಯುತ್ ಸಾಂದ್ರತೆ ಏರಿದಂತೆ ದಕ್ಷತೆ ಕುಸಿಯುತ್ತದೆ. ಎಲೆಕ್ಟ್ರಾನುಗಳ ಶಕ್ತಿ ಬೆಳಕಾಗುವ ಬದಲು ಮತ್ತೊಂದು ಎಲೆಕ್ಟ್ರಾನಿಗೆ ವರ್ಗವಾಗುವ ಓಜೆ ಪ್ರಕ್ರಿಯೆ ಇದಕ್ಕೆ ಕಾರಣವೆಂಬ ವಾದಕ್ಕೆ ಕ್ಯಾಲಿಫೋರ್ನಿಯಾ ಹಾಗೂ ಫ್ರಾನ್ಸ್‌ನ ಸಂಶೋಧಕರು 2013ರಲ್ಲಿ ನೇರ ಪ್ರಯೋಗದ ಸಾಕ್ಷ್ಯ ಒದಗಿಸಿದರು.

ಇನ್ನು ಆಯುಷ್ಯದ ವಿಚಾರ. ಎಲ್‌ಇಡಿ ಹತ್ತಾರು ಸಾವಿರ ಗಂಟೆ ಬಾಳುತ್ತದೆ ಎನ್ನಲಾಗುತ್ತದೆ. ಈ ಅಂಕಿ ದೀಪ ಆರಿಹೋಗುವ ಕಾಲದ್ದಲ್ಲ. ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುವ ಕಾಲದ್ದು. ಪಾದರಸ ದೀಪ ಕೆಟ್ಟರೆ ತಕ್ಷಣ ತಿಳಿಯುತ್ತದೆ. ಎಲ್‌ಇಡಿ ಸದ್ದಿಲ್ಲದೆ ಮಂಕಾಗುತ್ತದೆ. ಪ್ರತಿದಿನ ನೋಡುವ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕ್ಷಯ ಪತ್ತೆಯಲ್ಲಿ ಇದು ಸಣ್ಣ ಅಪಾಯವಲ್ಲ. ಉತ್ತಮ ಉಪಕರಣಗಳಲ್ಲಿ ಬೆಳಕನ್ನು ಅಳೆದು ವಿದ್ಯುತ್ ಸರಿಹೊಂದಿಸುವ ಸಂವೇದಕ ಇರುತ್ತದೆ. ಅದಿಲ್ಲದ ಕಡೆ, ಬ್ಯಾಕ್ಟೀರಿಯಾ ಇದೆಯೆಂದು ಮೊದಲೇ ಖಚಿತವಾದ ಸ್ಲೈಡನ್ನು ಇತರ ಸ್ಲೈಡುಗಳೊಂದಿಗೆ ಬಣ್ಣ ಹಚ್ಚಿ ನೋಡುವ ನಿತ್ಯದ ಶಿಸ್ತೇ ರಕ್ಷಣೆ.

ಹಸಿರಿನ ಕಗ್ಗಂಟು

ಕ್ಷಯಕ್ಕೆ ನೀಲಿ ಸಾಕು. ಕೋಶಗಳ ಸಂಶೋಧನೆಯಲ್ಲಿ ಬಳಸುವ ಅನೇಕ ಬಣ್ಣದ್ರವ್ಯಗಳಿಗೆ ಹಸಿರು, ಹಳದಿ ಬೆಳಕು ಬೇಕು. ವಿಚಿತ್ರವೆಂದರೆ ಎಲ್‌ಇಡಿ ತೀರಾ ದುರ್ಬಲವಾಗಿರುವುದು ಸುಮಾರು 540ರಿಂದ 590 ನ್ಯಾನೋಮೀಟರ್ ನಡುವಿನ ಇದೇ ಪ್ರದೇಶದಲ್ಲಿ. ನೀಲಿಯ ಅರೆವಾಹಕ ಇತ್ತ ಬಂದಂತೆ ಸೊರಗುತ್ತದೆ. ಕೆಂಪಿನ ಅರೆವಾಹಕ ಅತ್ತ ಹೋದಂತೆ ಸೊರಗುತ್ತದೆ. ಪಾದರಸದ 546ರ ಶಿಖರಕ್ಕೆ ಸಾಟಿಯಾಗುವುದು ಬಹುಕಾಲ ಆಗದ ಮಾತಾಗಿತ್ತು.

ಇದಕ್ಕೆ ಕಂಡುಕೊಂಡ ಮಾರ್ಗ ಸ್ವಾರಸ್ಯಕರ. ಪ್ರತಿದೀಪ್ತಿ ಗುಣವಿರುವ ಪಾರದರ್ಶಕ ಹರಳಿನ ಕಡ್ಡಿಯೊಂದರ ಉದ್ದಕ್ಕೂ ಹತ್ತಾರು ನೀಲಿ ಎಲ್‌ಇಡಿಗಳನ್ನು ಜೋಡಿಸಲಾಗುತ್ತದೆ. ಕಡ್ಡಿ ನೀಲಿಯನ್ನು ಹೀರಿ ಹಸಿರನ್ನು ಸೂಸುತ್ತದೆ. ಆ ಹಸಿರಿನ ಬಹುಪಾಲು ಕಡ್ಡಿಯೊಳಗೇ ಪ್ರತಿಫಲಿಸುತ್ತ ಸಾಗಿ ಅದರ ಕಿರಿದಾದ ತುದಿಯಿಂದ ಹೊರಬರುತ್ತದೆ. ಉದ್ದವಾದ ಬದಿಗಳಿಂದ ಸುರಿದ ಬೆಳಕು ಚಿಕ್ಕ ತುದಿಯಿಂದ ಹೊರಟಿತೆಂದರೆ ಹರವು ಕುಗ್ಗಿತೆಂದೇ ಅರ್ಥ. ಹಾಗಾದರೆ ಮೇಲೆ ಹೇಳಿದ ನಿಯಮ ಮುರಿಯಿತೇ? ಇಲ್ಲ. ನಿಯಮ ಅನ್ವಯವಾಗುವುದು ಬೆಳಕನ್ನು ಬಗ್ಗಿಸುವ ಮಸೂರ, ಕನ್ನಡಿಗಳಿಗೆ. ಇಲ್ಲಿ ನೀಲಿ ಬೆಳಕು ನಾಶವಾಗಿ ಹೊಸದಾಗಿ ಹಸಿರು ಹುಟ್ಟುತ್ತದೆ. 450 ನ್ಯಾನೋಮೀಟರ್‌ನ ಪ್ರತಿ ಫೋಟಾನ್ 550 ನ್ಯಾನೋಮೀಟರ್‌ನದಾಗುವಾಗ ತನ್ನ ಶಕ್ತಿಯಲ್ಲಿ ಶೇ. 18ರಷ್ಟನ್ನು ಶಾಖವಾಗಿ ಬಿಟ್ಟುಕೊಡುತ್ತದೆ. ಉಷ್ಣಗತಿ ವಿಜ್ಞಾನ ಕೇಳುವ ಸುಂಕ ಅದು. ಸುಂಕ ಕಟ್ಟಿದರೆ ಬೆಳಕನ್ನು ಸಾಂದ್ರಗೊಳಿಸಲು ಪರವಾನಗಿ. ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿಯೂ ಈ ತಂತ್ರದ ಬಳಕೆ ನಡೆದಿದೆ.

ಪ್ರಯೋಗಾಲಯದಿಂದ ತಾಲ್ಲೂಕಿಗೆ

ಜರ್ಮನಿಯ ಕಾರ್ಲ್ ಝೈಸ್ ಕಂಪನಿ ಮತ್ತು ಜಿನೀವಾದ ಫೈಂಡ್ ಸಂಸ್ಥೆ ಒಡಗೂಡಿ 2008ರಲ್ಲಿ ಕ್ಷಯ ಪತ್ತೆಗೆಂದೇ ಎಲ್‌ಇಡಿ ಸೂಕ್ಷ್ಮದರ್ಶಕವೊಂದನ್ನು ಹೊರತಂದವು. ಇತರ ತಯಾರಕರೂ ಬೇರೆ ಬೇರೆ ಮಾದರಿಗಳನ್ನು, ಹಳೆಯ ಸೂಕ್ಷ್ಮದರ್ಶಕಕ್ಕೇ ಜೋಡಿಸಬಹುದಾದ ಸಾಧನಗಳನ್ನು ತಂದರು. ವಿಶ್ವ ಆರೋಗ್ಯ ಸಂಸ್ಥೆ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ 2011ರಲ್ಲಿ ನೀತಿ ಪ್ರಕಟಿಸಿತು. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಹೋಲಿಸಿದಾಗ ಎಲ್‌ಇಡಿ ವಿಧಾನ ಶೇ. 84ರಷ್ಟು ರೋಗಿಗಳನ್ನು ಗುರುತಿಸಿತ್ತು; ರೋಗವಿಲ್ಲದವರಲ್ಲಿ ಶೇ. 98ರಷ್ಟು ಮಂದಿಗೆ ಸರಿಯಾಗಿಯೇ ‘ಇಲ್ಲ’ ಎಂದಿತ್ತು. ಪಾದರಸ ದೀಪದ ಸೂಕ್ಷ್ಮದರ್ಶಕಗಳ ಬದಲು ಎಲ್‌ಇಡಿ ಬಳಸಬೇಕು, ಝೀಲ್-ನೀಲ್ಸನ್ ವಿಧಾನದ ಬದಲಿಗೂ ಹಂತಹಂತವಾಗಿ ಇದನ್ನು ತರಬೇಕು ಎಂದು ಸಂಸ್ಥೆ ಶಿಫಾರಸು ಮಾಡಿತು. ಮುಂದಿನ ವರ್ಷಗಳಲ್ಲಿ ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮವೂ ವೈದ್ಯಕೀಯ ಕಾಲೇಜುಗಳಿಂದ ಮೊದಲುಗೊಂಡು ಹೆಚ್ಚು ಒತ್ತಡವಿರುವ ಪರೀಕ್ಷಾ ಕೇಂದ್ರಗಳಲ್ಲಿ ಇವನ್ನು ಅಳವಡಿಸುತ್ತ ಬಂತು. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಕಾರ್ಯಕ್ರಮದ ರಾಷ್ಟ್ರೀಯ ಪರಾಮರ್ಶನ ಪ್ರಯೋಗಾಲಯಗಳಲ್ಲಿ ಒಂದು.

ಬಳಕೆಯ ದೃಷ್ಟಿಯಿಂದ ಎಲ್‌ಇಡಿಯ ಲಾಭ ಸ್ಪಷ್ಟ. ಗುಂಡಿ ಒತ್ತಿದ ಕ್ಷಣದಲ್ಲಿ ಬೆಳಕು. ಆರಿಸಿ ಮತ್ತೆ ಹೊತ್ತಿಸಲು ಅಡ್ಡಿಯಿಲ್ಲ. ನೋಡದಿರುವಾಗ ಆರಿಸಬಹುದಾದ್ದರಿಂದ ಆರಮೈನ್ ಬೇಗ ಮಾಸುವುದೂ ತಪ್ಪುತ್ತದೆ. ಕೆಲವು ವ್ಯಾಟ್ ವಿದ್ಯುತ್ತಿನಲ್ಲಿ ನಡೆಯುವುದರಿಂದ ಬ್ಯಾಟರಿಯೂ ಸಾಕು. ಪೂರ್ಣ ಕತ್ತಲೆ ಕೋಣೆಯ ಅಗತ್ಯವಿಲ್ಲ. ಕಿಟಕಿಗೆ ಪರದೆ ಎಳೆದರೂ ಆದೀತು. ನೀಲಿ ಬೆಳಕಿನ ಮೂಲವನ್ನು ನೇರವಾಗಿ ದಿಟ್ಟಿಸಬಾರದೆಂಬ ಎಚ್ಚರಿಕೆಯನ್ನು ಮಾತ್ರ ಪಾಲಿಸಬೇಕು.

ಹಾಗೆಂದು ದೀಪ ಬದಲಾದ ಮಾತ್ರಕ್ಕೆ ಸೂಕ್ಷ್ಮದರ್ಶಕದ ಮೂಲ ಮಿತಿ ಅಳಿಯುವುದಿಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಅದು ಲೇಪನದಲ್ಲಿ ಕಾಣುವ ಭರವಸೆ. ಎಚ್‌ಐವಿ ಸೋಂಕಿತರಲ್ಲಿ, ಮಕ್ಕಳಲ್ಲಿ ಸಂಖ್ಯೆ ಇದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಆದ್ದರಿಂದ ಮೊದಲ ಪತ್ತೆಗೆ ಈಗ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಯಂತ್ರಗಳಿಗೆ ಆದ್ಯತೆ. ಗೋವಾದ ಮೊಲ್ಬಯೊ ಕಂಪನಿಯೊಂದಿಗೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ ಟ್ರೂನ್ಯಾಟ್ ಅಂಥ ಒಂದು ಸಾಧನ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ಅದಕ್ಕೆ ದೊರೆತಿದೆ. ಇಂಥ ಯಂತ್ರಗಳೂ ಡಿಎನ್‌ಎ ಹೆಚ್ಚಿದ್ದನ್ನು ಅರಿಯುವುದು ಪ್ರತಿದೀಪ್ತಿಯ ಬೆಳಕಿನಿಂದಲೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗಲಿದ್ದು, ಅವರಲ್ಲಿ ಶೇ. 26ರಷ್ಟು ಮಂದಿ ಭಾರತದವರು. ಡಿಎನ್‌ಎ ಯಂತ್ರ ಬಂದ ಮೇಲೂ ಇವರ ಚಿಕಿತ್ಸೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕೆಲಸ ಉಳಿದಿದೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಯಂತ್ರ ಗುರುತಿಸುವುದರಿಂದ ಔಷಧ ಫಲಿಸುತ್ತಿದೆಯೇ ಎಂಬುದನ್ನು ಅದರಿಂದ ನಿರ್ಧರಿಸಲಾಗದು. ಆರು ತಿಂಗಳ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳ ತೀವ್ರ ಹಂತ ಮುಗಿದಾಗ ರೋಗಿಯ ಕಫದ ಲೇಪನ ಮತ್ತೆ ಸ್ಲೈಡಿನ ಮೇಲೆ ಬರುತ್ತದೆ. ಮೊದಲು ತುಂಬಿಕೊಂಡಿದ್ದ ಹಸಿರು ಕಡ್ಡಿಗಳು ಎಷ್ಟು ಉಳಿದಿವೆ ಎಂದು ನೀಲಿ ಬೆಳಕಿನಲ್ಲಿ ಎಣಿಸಲಾಗುತ್ತದೆ.